ಕುದುರೆ ವಾಪಸು ಬರುವ ಪುಟ

ಸೀತೂರು
೧೦ ಜೂನ್ ೨೦೨೪

ಶ್ರೀ ವೆಂಕಟಸುಬ್ಬಯ್ಯನವರಿಗೆ,

ಸೀತೂರಿನ ಅಕ್ಕಿ ಗಿರಣಿಯ ವನಜಮ್ಮ ಬರೆಯುವುದು. ನೀವು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ‘ಹೊಳೆ ದಾಟಿದ ಕುದುರೆ’ ಎಂಬ ಮಕ್ಕಳ ಪುಸ್ತಕದಿಂದ ನಮ್ಮ ಮನೆಗೆ ತೊಂದರೆಯಾಗಿದೆ. ಪುಸ್ತಕದಲ್ಲಿ ನಿಮ್ಮ ಫೋನ್ ನಂಬರ್ ಇಲ್ಲ, ವಿಳಾಸ ಮಾತ್ರ ಇದೆ. ನಂಬರ್ ಇದ್ದರೂ ನಾನು ಫೋನ್ ಮಾಡುತ್ತಿರಲಿಲ್ಲ. ಫೋನಿನಲ್ಲಿ ಜನ ಹಾಂ ಹೂಂ ಎಂದು ಇಟ್ಟುಬಿಡುತ್ತಾರೆ.

ನನ್ನ ಮೊಮ್ಮಗಳು ಮೇಘನ. ಹದಿಮೂರು ವರ್ಷ. ಈ ವರ್ಷ ಎಂಟನೇ ತರಗತಿಗೆ ಕೊಪ್ಪದ ಹೈಸ್ಕೂಲಿಗೆ ಸೇರಿಸಿದ್ದೇವೆ. ಹೋದ ವರ್ಷ ಆಗಸ್ಟಿನಲ್ಲಿ ನನ್ನ ಮಗ ರಾಜೇಶ ಗಿರಣಿಯ ಮೋಟಾರು ರಿವೈಂಡಿಂಗ್ ಮಾಡಿಸಲು ಶಿವಮೊಗ್ಗಕ್ಕೆ ಹೋದವನು, ಪಿಕಪ್ಪಿನಲ್ಲಿ ಮೋಟಾರಿನ ಜೊತೆ ಒಂದು ಕುದುರೆಯನ್ನೂ ಹೇರಿಕೊಂಡು ಬಂದ. ಮದುವೆ ದಿಬ್ಬಣಕ್ಕೆ ಬಿಡುತ್ತಿದ್ದ ಬಿಳಿ ಕುದುರೆ. ಬ್ಯಾಂಡಿಗೂ ಪಟಾಕಿಗೂ ಬೆಚ್ಚಿ ಯಾರೋ ಮದುಮಗನನ್ನು ಕೆಳಗೆ ಹಾಕಿತಂತೆ, ಆಮೇಲೆ ಯಾರಿಗೂ ಬೇಡವಾಯಿತಂತೆ. ಯಾರಿಗೂ ಬೇಡವಾದದ್ದು ನಮಗೆ ಯಾಕೆ ಎಂದು ಕೇಳಿದೆ. ‘ಮೇಘನ ಕೇಳ್ತಿದ್ಲಲ್ಲ’ ಎಂದ. ಅವಳು ಕೇಳುತ್ತಿದ್ದದ್ದು ನಿಮ್ಮ ಪುಸ್ತಕ ಓದಿ. ನಿಮ್ಮ ಪುಸ್ತಕದ ಕುದುರೆಯ ಹೆಸರನ್ನೇ ಇದಕ್ಕೂ ಇಟ್ಟಳು. ಪಟಾಕಿಗೆ ಹೆದರುವ ಪ್ರಾಣಿಯ ಹೆಸರು ಸಿಡಿಲು.

ಏಪ್ರಿಲಿನಲ್ಲಿ ಅವಳು ರಜೆಗೆಂದು ತಾಯಿಯ ತವರಿಗೆ ಹೋಗಿದ್ದಾಗ ಆ ಕುದುರೆ ಹಗ್ಗ ಹರಿದುಕೊಂಡು ಹೋಯಿತು. ಸಿಗಲಿಲ್ಲ.

ಈಗ ಶಾಲೆ ಶುರುವಾಗಿ ಹತ್ತು ದಿನ. ಅವಳು ಹೋದದ್ದು ಮೂರು ದಿನ. ಬೆಳಿಗ್ಗೆ ಕೊಪ್ಪದ ಬಸ್ಸು ಬಂದು ಗಿರಣಿಯ ಮುಂದೆ ನಿಲ್ಲುತ್ತದೆ, ಹೋಗುತ್ತದೆ. ಇವಳು ಗೇಟಿನ ಹತ್ತಿರ ಛತ್ರಿ ಹಿಡಿದು ನಿಂತೇ ಇರುತ್ತಾಳೆ. ಅಕ್ಕಿ ಮಾಡಿಸಲು ಬಂದವರೆಲ್ಲ ನೋಡಿಕೊಂಡು ಹೋಗುತ್ತಾರೆ. ಎಂತಕ್ಕೆ ಹೀಗೆ ಎಂದು ಕೇಳಿದರೆ ‘ಸಿಡಿಲು ಬಂದಾಗ ನಾನಿಲ್ಲಿ ಇರಬೇಕು’ ಎನ್ನುತ್ತಾಳೆ.

ಇದು ಎಲ್ಲಿಂದ ಬಂತು ಎಂದು ಪುಸ್ತಕ ತೆಗೆದು ನೋಡಿದೆ. ತೊಂಬತ್ತೈದನೇ ಪುಟ. ಅಪ್ಪ ಮಾರಿದ ಕುದುರೆ ಹೊಳೆಯನ್ನು ಈಜಿಕೊಂಡು ಬಂದು ಬೆಳಗಾಗುವಾಗ ಹುಡುಗನ ಮನೆಯ ಗೇಟಿಗೆ ಮೂತಿ ಒರೆಸುತ್ತದೆ. ಹುಡುಗ ಅಲ್ಲೇ ಕಾಯುತ್ತಿರುತ್ತಾನೆ.

ನೀವು ಅವಳಿಗೊಂದು ಕಾಗದ ಬರೆಯಬೇಕು. ಇದು ಕಟ್ಟಿದ ಕತೆ, ಹೋದ ಕುದುರೆ ಬರುವುದಿಲ್ಲ, ಶಾಲೆಗೆ ಹೋಗು ಎಂದು. ನಾನು ಹೇಳಿದರೆ ಕೇಳುತ್ತಿಲ್ಲ. ಪುಸ್ತಕದ ಮೇಲೆ ಹೆಸರಿರುವವರು ಹೇಳಿದರೆ ಕೇಳಬಹುದು. ನಾನು ಕೊಪ್ಪದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಆ ಕಾಲಕ್ಕೆ ಸೀತೂರಿನಿಂದ ಅಲ್ಲಿಯವರೆಗೆ ಓದಿದ ಹೆಣ್ಣುಮಕ್ಕಳು ನಾವು ಇಬ್ಬರೇ. ನನ್ನ ಮನೆಯ ಹುಡುಗಿ ಎಂಟನೇ ತರಗತಿಗೆ ಶಾಲೆ ಬಿಟ್ಟಳು ಎಂದು ಯಾರ ಬಾಯಲ್ಲೂ ಬರಬಾರದು.

ಇತಿ,
ವನಜಮ್ಮ


ತುಮಕೂರು
೨೧ ಜೂನ್ ೨೦೨೪

ಮಾನ್ಯ ವನಜಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ನೋವೂ ಆಯಿತು, ಸುಳ್ಳು ಹೇಳಬಾರದು, ಸ್ವಲ್ಪ ಹೆಮ್ಮೆಯೂ ಆಯಿತು. ಆ ಪುಸ್ತಕ ಬಂದು ಹದಿನೆಂಟು ವರ್ಷವಾಯಿತು. ಈವರೆಗೆ ಯಾವ ಓದುಗರೂ ನನಗೆ ಬರೆದಿರಲಿಲ್ಲ. ನಾನು ಮೂಲತಃ ಶೃಂಗೇರಿಯವನೇ. ಸೀತೂರಿನ ಹೆಸರು ಲಕೋಟೆಯ ಮೇಲೆ ನೋಡಿ ಊಟಕ್ಕೆ ಏಳುವುದನ್ನೂ ಮರೆತೆ.

ಕುದುರೆಯ ಇಂಥ ಕತೆಗಳನ್ನು ಆ ದೇಶಗಳಲ್ಲಿ ನೂರು ವರ್ಷಕ್ಕೂ ಹಿಂದೆ ಬರೆದರು. ಆಗ ಅಲ್ಲಿ ಕುದುರೆ ಎಂದರೆ ನಮ್ಮಲ್ಲಿ ಎತ್ತು ಇದ್ದ ಹಾಗೆ, ಬೀದಿ ಬೀದಿಯಲ್ಲಿ ದುಡಿಯುತ್ತಿತ್ತು. ಎಲ್ಲ ಕತೆಗಳಲ್ಲೂ ನಡುವೆ ಒಂದು ಅಧ್ಯಾಯದಲ್ಲಿ ಕುದುರೆಯನ್ನು ಮಾರುತ್ತಾರೆ. ಅಲ್ಲಿಂದ ಮುಂದೆ ಮಗುವಿನ ಪ್ರೀತಿ ಗೆಲ್ಲುತ್ತದೋ ಇಲ್ಲವೋ ಎನ್ನುವುದೇ ಕತೆ. ಅದನ್ನು ಸುಳ್ಳು ಎಂದು ಒಂದು ಮಗುವಿಗೆ ಬರೆಯಲು ನನ್ನ ಕೈ ಏಳುವುದಿಲ್ಲ. ಬದಲಿಗೆ ನನ್ನ ಅನುವಾದದ ಇನ್ನೆರಡು ಕುದುರೆ ಪುಸ್ತಕಗಳನ್ನು ಮೇಘನಳಿಗೆಂದು ಕಳಿಸಿದ್ದೇನೆ. ಮನಸ್ಸು ಬೇರೆ ಕಡೆ ಹರಿದೀತು.

ಒಂದು ವಿಷಯ. ಬಿಳಿ ಕುದುರೆ ಎಂದಿರಿ. ಆ ಸೀಮೆಯಲ್ಲಿ ಒಂದು ಬಿಳಿ ಕುದುರೆ ಯಾರ ಕಣ್ಣಿಗೂ ಬೀಳದೆ ಎರಡು ತಿಂಗಳು ಇರುವುದು ಹೇಗೆ? ನರಸಿಂಹರಾಜಪುರದ ಕಡೆ ವಿಚಾರಿಸಿದಿರಾ? ಪೊಲೀಸರಿಗೆ ತಿಳಿಸಿದಿರಾ?

ನಿಮ್ಮ ವಿಶ್ವಾಸಿ,
ವೆಂಕಟಸುಬ್ಬಯ್ಯ


ಸೀತೂರು
೩೦ ಜೂನ್ ೨೦೨೪

ವೆಂಕಟಸುಬ್ಬಯ್ಯನವರೇ,

ಬೆಂಕಿ ಆರಿಸಿ ಎಂದರೆ ಸೌದೆ ಕಳಿಸಿದ್ದೀರಿ. ಪಾರ್ಸೆಲ್ಲು ನನ್ನ ಕೈಗೇ ಸಿಕ್ಕಿತು, ಪುಣ್ಯ. ಅವಳಿಗೆ ತೋರಿಸಿಲ್ಲ. ಬೀರುವಿನಲ್ಲಿ ಇಟ್ಟಿದ್ದೇನೆ.

ಎರಡನ್ನೂ ನಾನು ಓದಿದೆ. ಓದದೆ ಬೈಯುವ ಅಭ್ಯಾಸ ನನಗಿಲ್ಲ. ಮೂರೂ ಪುಸ್ತಕದಲ್ಲಿ ಒಂದೇ ಸಂಗತಿ. ಕುದುರೆ ದೇವರು, ಮಗು ಸತ್ಯವಂತ, ದೊಡ್ಡವರು ಮಾತ್ರ ಕೆಟ್ಟವರು. ಬೆಳಗಿನ ಲದ್ದಿ ಯಾರು ಎತ್ತಿದರು, ಹುಲ್ಲು ಯಾರು ತಂದರು ಎಂದು ಒಂದು ಪುಟದಲ್ಲೂ ಇಲ್ಲ. ನಮ್ಮಲ್ಲಿ ಎತ್ತಿದ್ದು ನನ್ನ ಸೊಸೆ ರಮ್ಯ. ನಿಮ್ಮ ಹುಡುಗ ಕುದುರೆಯ ಕೊರಳು ತಬ್ಬಿದರೆ ಅದು ಶಾಂತವಾಗುತ್ತದೆ. ನಮ್ಮ ಹುಡುಗಿ ತಬ್ಬಲು ಹೋದಳು. ಗಿರಣಿ ಶುರುವಾಯಿತು, ಕುದುರೆ ಹಾರಿತು, ಇವಳ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ. ನಮ್ಮ ಕೆಸರಿಗೆ ಅದರ ಗೊರಸು ಕೊಳೆತು ವಾಸನೆ ಬಂತು. ಕೊಪ್ಪದಿಂದ ದನದ ಡಾಕ್ಟರನ್ನು ಕರೆಸಿದರೆ, ಕುದುರೆಯ ಕಾಲು ಎತ್ತಿ ನೋಡಿ ಕಾಲೇಜು ಬಿಟ್ಟ ಮೇಲೆ ಇದೇ ಮೊದಲು ಎಂದರು. ಹುಡುಗಿ ಒಂದೇ ಕೈಯಲ್ಲಿ ದಿನಾ ಎರಡು ಹೊತ್ತು ಅದರ ಗೊರಸು ತೊಳೆದು ಔಷಧ ಹಚ್ಚಿದಳು, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಬೇಸಿಗೆ ಬಂದರೂ ಪೂರ್ತಿ ವಾಸಿಯಾಗಲಿಲ್ಲ.

ಹುಡುಕುವಷ್ಟು ಹುಡುಕಿದ್ದೇವೆ. ಕುದುರೆ ಬಿಚ್ಚಿಕೊಂಡು ಹೋದ ಮೇಲೆ ಯಾರನ್ನು ಕೇಳಿದೆವು, ಎಲ್ಲಿ ಕೇಳಿದೆವು ಎಂಬ ಲೆಕ್ಕ ನಿಮಗೆ ಯಾಕೆ? ನಾನು ಕೇಳಿದ್ದು ಒಂದು ಕಾಗದ.

ಹೆಡ್‌ಮಾಸ್ಟರು ರಾಜೇಶನನ್ನು ಕರೆಸಿದ್ದರು. ಹಾಜರಿ ಹೀಗೇ ಆದರೆ ಈ ವರ್ಷ ಹೋಯಿತು ಎಂದರಂತೆ. ಬೈದು ನೋಡಿದೆ. ಕೈ ಹಿಡಿದು ಬಸ್ಸು ಹತ್ತಿಸಿ ನೋಡಿದೆ. ಕೊಪ್ಪದಲ್ಲಿ ಇಳಿದು ಮುಂದಿನ ಬಸ್ಸಿಗೆ ವಾಪಸು ಬಂದಳು. ಅಜ್ಜಿ ಎಂದು ಕೂಗುತ್ತ ಮನೆಯೆಲ್ಲ ಸುತ್ತುತ್ತಿದ್ದವಳು, ಈಗ ಎದುರಿಗೆ ಸಿಕ್ಕಿದರೆ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಾಳೆ. ಏನನ್ನೋ ಕೇಳಬೇಕು ಎನ್ನುವ ಹಾಗೆ. ಕೇಳುವುದಿಲ್ಲ. ನಿಮ್ಮ ಪುಸ್ತಕ ಅವಳ ತಲೆ ಕೆಡಿಸಿದೆ.

ವನಜಮ್ಮ


ತುಮಕೂರು
೧೧ ಜುಲೈ ೨೦೨೪

ಮಾನ್ಯ ವನಜಮ್ಮನವರಿಗೆ,

ಎಂಟು ದಿನ ಯೋಚಿಸಿ ಬರೆಯುತ್ತಿದ್ದೇನೆ. ನಾನು ಯಾವ ಕುದುರೆಯನ್ನೂ ಮುಟ್ಟಿದವನಲ್ಲ. ಲದ್ದಿ ಎತ್ತುವವರ ಮಾತು ನನ್ನನ್ನು ತಟ್ಟಿತು.

ನಿಮಗೆ ಒಂದು ವಿಷಯ ಹೇಳಬೇಕು. ಮೂಲ ಪುಸ್ತಕದಲ್ಲಿ ಕುದುರೆ ವಾಪಸು ಬರುವುದಿಲ್ಲ. ಹೊಳೆ ದಾಟಿ ಹೋಗುತ್ತದೆ, ಅಷ್ಟೇ. ಶೀರ್ಷಿಕೆಯ ಅರ್ಥವೂ ಅದೇ. ಹದಿನಾರು ಪುಟಕ್ಕೆ ಒಂದು ಫಾರಂ ಎಂಬ ಲೆಕ್ಕದಲ್ಲಿ ಅಚ್ಚು ಹಾಕುತ್ತಾರೆ. ಆರು ಫಾರಂ, ತೊಂಬತ್ತಾರು ಪುಟ, ಅದರೊಳಗೆ ಮುಗಿಸಿ ಎಂದು ಪ್ರಕಾಶಕರು ಹೇಳಿದ್ದರು. ಕೊನೆಯ ಅಧ್ಯಾಯ ದೊಡ್ಡದು, ಹಿಡಿಯುತ್ತಿರಲಿಲ್ಲ. ಮಕ್ಕಳ ಪುಸ್ತಕ ದುಃಖದಲ್ಲಿ ಮುಗಿದರೆ ಲೈಬ್ರರಿಗಳು ಕೊಳ್ಳುವುದಿಲ್ಲ ಎಂದೂ ಅವರು ಹೇಳುತ್ತಿದ್ದರು. ಹಾಗಾಗಿ ಎರಡು ಪುಟದಲ್ಲಿ ಆ ಕುದುರೆಯನ್ನು ಈಜಿಸಿ ಮನೆಗೆ ತಂದೆ. ಆ ಎರಡು ಪುಟ ನನ್ನವು.

ಇದನ್ನು ನಿಮ್ಮ ಮೊಮ್ಮಗಳಿಗೆ ಬರೆಯಲು ಈಗ ಸಿದ್ಧನಿದ್ದೇನೆ. ಬರೆಯುವ ಮೊದಲು ಒಂದು ಸ್ಪಷ್ಟವಾಗಬೇಕು. ಮೊದಲ ಪತ್ರದಲ್ಲಿ ಕುದುರೆ ಹಗ್ಗ ಹರಿದುಕೊಂಡು ಹೋಯಿತು ಎಂದಿರಿ. ಎರಡನೆಯದರಲ್ಲಿ ಬಿಚ್ಚಿಕೊಂಡು ಹೋಯಿತು ಎಂದಿರಿ. ಯಾವುದು? ನಲವತ್ತು ವರ್ಷ ಮೇಷ್ಟ್ರಾಗಿದ್ದವನು, ಕಣ್ಣಿಗೆ ಬಿದ್ದದ್ದನ್ನು ಕೇಳದೆ ಬಿಡಲು ಬರುವುದಿಲ್ಲ. ತಪ್ಪಿದ್ದರೆ ಕ್ಷಮಿಸಿ.

ವೆಂಕಟಸುಬ್ಬಯ್ಯ


ಸೀತೂರು
೧೪ ಆಗಸ್ಟ್ ೨೦೨೪

ವೆಂಕಟಸುಬ್ಬಯ್ಯನವರೇ,

ನಿಮ್ಮ ಕಾಗದವನ್ನು ಒಂದು ತಿಂಗಳು ಬೀರುವಿನಲ್ಲಿ ಇಟ್ಟಿದ್ದೆ. ಉತ್ತರ ಕೊಡಬಾರದು ಎಂದೇ ಇದ್ದೆ. ಮೊನ್ನೆ ಅವಳು ಗೇಟು ಬಿಟ್ಟು ರಸ್ತೆಯ ತಿರುವಿನವರೆಗೆ ಹೋಗಿ ನಿಂತಿದ್ದಳು. ಆ ಕಡೆ ಆನೆ ಓಡಾಡಿದ ಸುದ್ದಿ ಇದೆ. ರಾಜೇಶ ಹೋಗಿ ಕರೆತಂದ.

ಹಗ್ಗ ಹರಿಯಲಿಲ್ಲ. ಕುದುರೆ ಬಿಚ್ಚಿಕೊಳ್ಳಲೂ ಇಲ್ಲ. ಬಿಚ್ಚಿದವಳು ನಾನು.

ಕಿಗ್ಗದ ಆಚೆ ಸಿರಿಮನೆಯಲ್ಲಿ ದೇವಪ್ಪ ಎಂದು, ಜಲಪಾತ ನೋಡಲು ಬರುವವರಿಗೆ ಹೋಂಸ್ಟೇ ಇಟ್ಟಿದ್ದಾನೆ. ಅವನಿಗೆ ಕೊಟ್ಟೆ. ಮಾರಲಿಲ್ಲ. ಗಿರಣಿ ವನಜಮ್ಮ ಮೊಮ್ಮಗಳ ಕುದುರೆ ಮಾರಿಕೊಂಡಳು ಎಂದು ಆಡಿಕೊಳ್ಳುವ ಬಾಯಿಗಳು ಬೇಕಾದಷ್ಟಿವೆ. ಅದಕ್ಕೇ ದಾನವಾಗಿ ಕೊಟ್ಟೆ. ವೀಳ್ಯದೆಲೆ, ಅಡಿಕೆ ಇಟ್ಟು, ಅವನ ಕೈಗೆ ನೀರು ಬಿಟ್ಟು, ಅವನ ಜೊತೆ ಬಂದಿದ್ದ ನಾಲ್ಕು ಜನರ ಎದುರಿಗೆ ಕೊಟ್ಟೆ. ಆಗ ಅದು ದೊಡ್ಡತನ ಎನ್ನಿಸಿತು. ಈಗ ನೋಡಿ, ಮಾರಿದ್ದರೆ ಕೊಂಡು ತರಬಹುದಿತ್ತು. ನೀರು ಬಿಟ್ಟು ಕೊಟ್ಟದ್ದನ್ನು ಯಾವ ಬಾಯಲ್ಲಿ ಕೇಳಲಿ? ನಮ್ಮ ಮನೆತನದಲ್ಲಿ ಕೊಟ್ಟದ್ದನ್ನು ಕೇಳಿದವರಿಲ್ಲ.

ಯಾಕೆ ಕೊಟ್ಟೆ ಎಂದು ನೀವು ಕೇಳುತ್ತೀರಿ. ಮಣಿಕಟ್ಟಿಗಾಗಿ ಎಂದು ಮಗನಿಗೆ ಹೇಳಿದೆ. ಗೊರಸಿಗಾಗಿ ಎಂದು ಸೊಸೆಗೆ ಹೇಳಿದೆ. ಎರಡೂ ಸುಳ್ಳಲ್ಲ. ಆದರೆ ಒಂದು ದಿನ ಊಟಕ್ಕೆ ಕರೆದೆ. ‘ಸಿಡಿಲಿಗೆ ತೌಡು ಕಲಸಿ ಬರ್ತೇನೆ, ನೀವೆಲ್ಲ ಊಟ ಮಾಡಿ’ ಎಂದಳು. ಮರುದಿನವೂ ಹಾಗೇ. ಆಮೇಲೆ ದಿನಾ ಹಾಗೇ. ನಾನು ಈ ಮನೆಗೆ ಬಂದು ಐವತ್ತೆರಡು ವರ್ಷ. ನಾನು ಎಲೆ ಹಾಕಿದ ಮೇಲೆ ಯಾರೂ ನನ್ನನ್ನು ಕಾಯಿಸಿದವರಿಲ್ಲ, ನನ್ನ ಗಂಡನೂ ಸೇರಿ. ಒಂದು ಕುದುರೆಯ ಹೊಟ್ಟೆ ತುಂಬುವವರೆಗೆ ನಾನು ಕಾಯಬೇಕಾಯಿತು. ಅಷ್ಟೇ ಕಾರಣ. ಬರೆದ ಮೇಲೆ ಎಷ್ಟು ಸಣ್ಣದಾಗಿ ಕಾಣುತ್ತದೆ.

ಮಗನಿಗೂ ಸೊಸೆಗೂ ಬಾಯಿ ಬಿಡಬೇಡಿ ಎಂದಿದ್ದೇನೆ. ಬಿಟ್ಟಿಲ್ಲ. ನನ್ನ ಮನೆಯಲ್ಲಿ ನನ್ನ ಮಾತು ನಡೆಯುತ್ತದೆ. ಈಗ ಅದೇ ಕಷ್ಟವಾಗಿದೆ.

ನೀವು ಆ ನಿಜವಾದ ಕೊನೆಯನ್ನು ಅವಳಿಗೆ ಬರೆಯಿರಿ. ಕುದುರೆ ಬರುವುದಿಲ್ಲ ಎಂದು ಅದರಿಂದ ತಿಳಿದುಕೊಳ್ಳಲಿ. ನಾನು ಕೊಟ್ಟೆ ಎಂಬ ವಿಷಯ ಬೇಡ. ಅದು ಅವಳಿಗೆ ತಿಳಿದು ಆಗಬೇಕಾದದ್ದೇನಿದೆ?

ವನಜಮ್ಮ


ತುಮಕೂರು
೨೪ ಆಗಸ್ಟ್ ೨೦೨೪

ವನಜಮ್ಮನವರಿಗೆ,

ಇದರ ಜೊತೆ ಅಂಟಿಸಿದ ಇನ್ನೊಂದು ಲಕೋಟೆ ಇದೆ. ಮೇಘನಳ ಹೆಸರಿದೆ. ಕೊನೆಯ ಅಧ್ಯಾಯವನ್ನು ಬಿಡದೆ ಅನುವಾದಿಸಿ ಕೈಬರಹದಲ್ಲಿ ಬರೆದಿದ್ದೇನೆ. ಅದನ್ನು ಯಾಕೆ ಬದಲಾಯಿಸಿದೆ ಎಂಬುದನ್ನೂ ಬರೆದಿದ್ದೇನೆ. ನಿಮಗೆ ಫಾರಂ ಲೆಕ್ಕ ಹೇಳಿದ್ದೆ. ಅದು ಅರ್ಧ ಮಾತ್ರ. ಏಳನೇ ಫಾರಂ ಹಾಕಲು ಪ್ರಕಾಶಕರು ಕೊನೆಗೆ ಒಪ್ಪಿದ್ದರು. ಬೇಡ ಎಂದವನು ನಾನೇ. ಮಕ್ಕಳು ಅಷ್ಟನ್ನು ತಡೆಯಲಾರರು ಎಂದು ನಾನೇ ತೀರ್ಮಾನಿಸಿದೆ.

ನೀವು ನಿಮ್ಮ ಮಾತನ್ನು ಅವಳಿಗೆ ಹೇಳಿದ ಮೇಲೆ ಲಕೋಟೆ ಕೊಡಿ. ಅದಕ್ಕೂ ಮುಂಚೆ ಕೊಟ್ಟರೆ ನೀವು ನನ್ನ ಕಾಗದದ ಮರೆಯಲ್ಲಿ ಅಡಗಿಕೊಂಡ ಹಾಗಾಗುತ್ತದೆ. ಅದಕ್ಕೆ ನಾನು ಒಪ್ಪುವುದಿಲ್ಲ. ನನ್ನ ಸುಳ್ಳನ್ನು ನಾನು ಹೇಳಿಕೊಂಡಿದ್ದೇನೆ. ನಿಮ್ಮದನ್ನು ನೀವು ಹೇಳಬೇಕು.

ಕಠಿಣವಾಗಿ ಬರೆದೆ ಎಂದು ಕೋಪವಿರಬಹುದು. ನೀವು ನನಗೆ ಬರೆದ ಮೊದಲ ಕಾಗದಕ್ಕಿಂತ ಕಠಿಣವೇನೂ ಅಲ್ಲ.

ವೆಂಕಟಸುಬ್ಬಯ್ಯ


ಸೀತೂರು
೩೦ ಸೆಪ್ಟೆಂಬರ್ ೨೦೨೪

ವೆಂಕಟಸುಬ್ಬಯ್ಯನವರೇ,

ಕೋಪ ಬಂತು. ಲಕೋಟೆಯನ್ನು ಒಲೆಗೆ ಹಾಕೋಣ ಎಂದೂ ಎನ್ನಿಸಿತು. ಹಾಕಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ, ಬಸ್ಸು ಹೋದ ಮೇಲೆ, ನಾನೇ ಗೇಟಿನ ಹತ್ತಿರ ಹೋದೆ. ಗಿರಣಿ ನಿಲ್ಲಿಸಲು ರಾಜೇಶನಿಗೆ ಹೇಳಿದೆ. ಆ ಸದ್ದಿನಲ್ಲಿ ಎರಡು ಸಲ ಹೇಳಬೇಕಾಗಿ ಬಂದರೆ ನನ್ನಿಂದ ಆಗುತ್ತಿರಲಿಲ್ಲ. ಕುದುರೆಯನ್ನು ನಾನೇ ಕೊಟ್ಟೆ, ದೇವಪ್ಪನಿಗೆ ಕೊಟ್ಟೆ ಎಂದೆ. ಅಳುತ್ತಾಳೆ, ಕಿರುಚುತ್ತಾಳೆ, ಆದದ್ದಾಗಲಿ ಎಂದುಕೊಂಡಿದ್ದೆ.

‘ಗೊತ್ತು’ ಎಂದಳು.

ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಲಿಲ್ಲವಂತೆ. ರಜೆ ಮುಗಿಸಿ ಬಂದ ದಿನವೇ ಕೊಟ್ಟಿಗೆಗೆ ಹೋಗಿ ನೋಡಿದ್ದಾಳೆ. ‘ಹಗ್ಗ ಮಡಚಿ ಮೊಳೆಗೆ ಹಾಕಿತ್ತು ಅಜ್ಜಿ. ಕುದುರೆ ಹಗ್ಗ ಮಡಚತ್ತಾ?’ ಎಂದಳು. ನಾನು ಜೀವಮಾನದಲ್ಲಿ ಒಂದು ಹಗ್ಗವನ್ನೂ ನೆಲದ ಮೇಲೆ ಬಿಟ್ಟವಳಲ್ಲ. ಸುಳ್ಳು ಹೇಳುವ ದಿನವೂ ಬಿಡಲಿಲ್ಲ.

ಹಾಗಾದರೆ ನಾಲ್ಕು ತಿಂಗಳು ಈ ಗೇಟಿಗೆ ಎಂತಕ್ಕೆ ನಿಂತೆ ಮಾರಾಯ್ತಿ, ಶಾಲೆ ಯಾಕೆ ಹಾಳು ಮಾಡಿಕೊಂಡೆ ಎಂದೆ. ಜೋರಾಗಿಯೇ ಎಂದೆ.

‘ಅದು ಬರತ್ತೆ ಅಂತ ನಿಂತದ್ದಲ್ಲ. ಪುಸ್ತಕದಲ್ಲಿ ಬರೋದು ಪುಸ್ತಕದ ಕುದುರೆ. ನೀನು ಹೋಗಿ ತರ್ತೀಯ ಅಂತ ನಿಂತದ್ದು. ನಾನು ನಿಂತದ್ದು ನಿನಗೆ ದಿನಾ ಕಾಣ್ಬೇಕಿತ್ತು.’

ನಿಮಗೆ ಎರಡು ಕಾಗದದಲ್ಲಿ ಪುಸ್ತಕ ಅವಳ ತಲೆ ಕೆಡಿಸಿತು ಎಂದು ಬರೆದವಳು ನಾನು. ಅವಳ ತಲೆ ಸರಿಯಾಗಿಯೇ ಇತ್ತು.

ನಿಮ್ಮ ಲಕೋಟೆ ಕೊಟ್ಟೆ. ಗಿರಣಿಯ ಕಟ್ಟೆಯ ಮೇಲೆ ಕುಳಿತು ಓದಿದಳು. ಹುಡುಗ ದೊಡ್ಡವನಾಗಿ ಬೇರೆ ಊರಿನಲ್ಲಿ ಆ ಕುದುರೆಯನ್ನು ಗಾಡಿಗೆ ಕಟ್ಟಿದ್ದು ನೋಡುತ್ತಾನೆ, ಅದಕ್ಕೆ ಅವನ ಗುರುತು ಹತ್ತುವುದಿಲ್ಲ, ಸುಮ್ಮನೆ ಹೋಗುತ್ತಾನೆ ಎಂದು ನನಗೂ ಹೇಳಿದಳು. ಹುಡುಗ ಕೂಗಿ ಕರೆಯಬೇಕಿತ್ತು, ಪೆದ್ದ ಎಂದಳು. ಇದನ್ನು ನಿಮಗೆ ತಿಳಿಸಬೇಕಂತೆ.

ಮುಂದಿನ ಭಾನುವಾರ ನಾವಿಬ್ಬರೂ ಸಿರಿಮನೆಗೆ ಹೋದೆವು. ರಾಜೇಶ ಪಿಕಪ್ಪಿನಲ್ಲಿ ಬಿಡುತ್ತೇನೆ ಎಂದ. ಬೇಡ, ಬಸ್ಸಿನಲ್ಲೇ ಎಂದಳು. ಕೊಪ್ಪದಲ್ಲಿ ಒಂದು ಬಸ್ಸು, ಶೃಂಗೇರಿಯಲ್ಲಿ ಇನ್ನೊಂದು, ಕಿಗ್ಗದಿಂದ ಆಟೋ. ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ನನ್ನ ಮಂಡಿ ನೋವಿಗೆ ಆ ಆಟೋ ಎಂತಹ ಮದ್ದು ಎಂದು ನಿಮಗೆ ಬರೆದು ಪ್ರಯೋಜನವಿಲ್ಲ.

ಕುದುರೆ ಗುಡ್ಡದ ಇಳಿಜಾರಿನಲ್ಲಿ ಮೇಯುತ್ತಿತ್ತು. ಇವಳು ಹೆಸರು ಹಿಡಿದು ಕೂಗಿದಳು. ಅದು ತಲೆ ಎತ್ತಿ ನೋಡಿ ನೇರ ಬೇಲಿಗೆ ಬಂತು. ನಿಮ್ಮ ಎರಡು ಕೊನೆಯಲ್ಲೂ ಇಷ್ಟು ಸುಲಭದ ಸಂಗತಿ ಇಲ್ಲ.

ನಾನು ದೇವಪ್ಪನ ಜಗಲಿಯಲ್ಲಿ ಕುಳಿತೆ. ಅವನ ಹೆಂಡತಿ ಕಾಫಿ ತಂದಳು. ಕಾಫಿ ಮುಗಿಯಿತು. ಲೋಟ ಕೆಳಗಿಟ್ಟು, ಕುದುರೆ ವಾಪಸು ಬೇಕು ಎಂದೆ.

ದೇವಪ್ಪ ನನ್ನ ಲೋಟ ತೆಗೆದು ಬದಿಗಿಟ್ಟ. ‘ಅಮ್ಮಾ, ನೀವು ಕೇಳಿದ ಮೇಲೆ ನಾನು ಇಲ್ಲ ಅನ್ನೋಕಾಗಲ್ಲ. ಆದರೆ ನೀವು ಕೇಳಬಾರದಿತ್ತು’ ಎಂದ. ಅವನ ಹೆಂಡತಿ ಒಳಗೆ ಹೋದಳು. ಎಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ನನಗೆ ಹಾಗೆ ಹೇಳಿರಲಿಲ್ಲ. ಹೇಳಿಸಿಕೊಂಡೆ. ಹೌದು, ಕೇಳಬಾರದು, ಆದರೂ ಕೇಳುತ್ತಿದ್ದೇನೆ ಎಂದೆ. ಅವನು ಎದ್ದು ಹಗ್ಗ ತರಲು ಹೊರಟ.

ಅಷ್ಟರಲ್ಲಿ ಇವಳು ಬೇಲಿ ದಾಟಿ ಒಳಗೆ ಹೋಗಿ ಕುದುರೆಯ ಕಾಲುಗಳನ್ನು ಒಂದೊಂದಾಗಿ ಎತ್ತಿ ನೋಡಿದ್ದಳು. ಅಲ್ಲಿಯದು ಕಲ್ಲು ನೆಲ, ಇಳಿಜಾರು, ನೀರು ನಿಲ್ಲುವುದಿಲ್ಲ. ಗೊರಸು ನಾಲ್ಕೂ ವಾಸಿಯಾಗಿವೆ. ಜಗಲಿಗೆ ಬಂದು, ಬೇಡ, ಇಲ್ಲೇ ಇರಲಿ ಎಂದಳು. ದೇವಪ್ಪನಿಗೆ ಹೇಳಿದಳು, ನನಗಲ್ಲ. ದೇವಪ್ಪನ ಮುಖದಲ್ಲಿ ಎಷ್ಟು ಸಮಾಧಾನ ಕಂಡಿತೋ ನನಗೆ ಅಷ್ಟೇ ಸಿಟ್ಟು ಬಂತು. ಮೊದಲೇ ನೋಡಿ ಹೇಳಬಾರದಿತ್ತೇ? ನನ್ನ ಮಾನವೂ ಹೋಯಿತು, ಕುದುರೆಯೂ ಬರಲಿಲ್ಲ. ಬಸ್ಸಿನಲ್ಲಿ ಇದನ್ನೇ ಅವಳಿಗೆ ಹೇಳಿದೆ. ‘ನೀನು ಕೇಳ್ತೀಯೋ ಇಲ್ವೋ ನೋಡ್ಬೇಕಿತ್ತು’ ಎಂದಳು. ಇವಳು ಯಾರ ಮೊಮ್ಮಗಳು ಎಂದು ಕೇಳುವ ಹಾಗಿಲ್ಲ.

ಸೋಮವಾರ ತಾನಾಗಿ ಬಸ್ಸು ಹತ್ತಿದಳು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಇನ್ನು ತಪ್ಪಿಸದಿದ್ದರೆ ಹಾಜರಿ ಹೇಗೋ ಸರಿಹೋಗುತ್ತದೆ ಎಂದು ಹೆಡ್‌ಮಾಸ್ಟರು ಹೇಳಿದ್ದಾರೆ. ಆದರೆ ಒಂದು ಷರತ್ತು ಹಾಕಿದ್ದಾಳೆ. ಎರಡು ವಾರಕ್ಕೊಮ್ಮೆ ಭಾನುವಾರ ಸಿರಿಮನೆಗೆ ಹೋಗಬೇಕು, ಅಪ್ಪ ಅಲ್ಲ, ಅಮ್ಮ ಅಲ್ಲ, ನಾನೇ ಕರೆದುಕೊಂಡು ಹೋಗಬೇಕು. ನನ್ನ ಮಂಡಿಯ ವಿಷಯ ಹೇಳಿದೆ. ಗೊತ್ತು ಎಂದಳು.

ನಿನ್ನೆ ಎರಡನೆಯ ಸಲ ಹೋಗಿ ಬಂದೆವು. ಅವಳು ಕುದುರೆಯ ಮೈ ತಿಕ್ಕುತ್ತಿದ್ದಳು, ನಾನು ಬೇಲಿಯ ಪಕ್ಕ ಒಂದು ಕಲ್ಲಿನ ಮೇಲೆ ಕುಳಿತು ಅವಳ ಚೀಲ ಹಿಡಿದುಕೊಂಡಿದ್ದೆ. ಜಲಪಾತ ನೋಡಲು ಬಂದವರ ಪೈಕಿ ಅವಳದೇ ವಯಸ್ಸಿನ ಒಂದು ಹುಡುಗಿ ಹತ್ತಿರ ಬಂದು ಕುದುರೆ ಯಾರದು ಎಂದು ಕೇಳಿತು. ದೇವಪ್ಪನವರದು ಎಂದಳು. ಆ ಹುಡುಗಿ ನನ್ನ ಕಡೆ ನೋಡಿ, ಅವರು ಯಾರು ಎಂದಿತು.

ಮೇಘನ ತಿಕ್ಕುವುದನ್ನು ನಿಲ್ಲಿಸಲಿಲ್ಲ.

‘ಕುದುರೆ ಕೊಟ್ಟವರು’ ಎಂದಳು.

ವನಜಮ್ಮ